ಎಡಗೈ ಹೆಬ್ಬೆಟ್ಟು

ಕುಮಟೆಯ ನೋಂದಣಿ ಕಚೇರಿಯ ಎದುರು
ಝೆರಾಕ್ಸ್ ಅಂಗಡಿಗೂ ಚಾದಂಗಡಿಗೂ ನಡುವೆ
ನನ್ನದೊಂದು ಮೇಜು, ಒಂದು ಕಾಲಿಗೆ ಇಟ್ಟಿಗೆಚೂರು.
ಇಪ್ಪತ್ತೆಂಟು ವರ್ಷದಿಂದ ಇಲ್ಲೇ ಕೂತು
ಒಬ್ಬರ ನೆಲವನ್ನು ಇನ್ನೊಬ್ಬರಿಗೆ ಬರೆದುಕೊಟ್ಟಿದ್ದೇನೆ.
ನನ್ನದೆಂದು ಇರುವುದು ಈ ಮೇಜು;
ಅದಕ್ಕೂ ಪಹಣಿ ಇಲ್ಲ.

ಸೋಮವಾರ ಬಂದವಳು
ಹೊನ್ನಮ್ಮ ಕೋಂ ಮಾಸ್ತಿ ಅಂಬಿಗ,
ವಯಸ್ಸು ಸುಮಾರು ಐವತ್ತೆರಡು.
ಉದ್ಯೋಗ? ಕೇಳಿದೆ.
'ಬಳಚು' ಎಂದಳು.
ನಾನು 'ಮನೆಗೆಲಸ' ಎಂದು ಬರೆದೆ. ರೂಢಿ.

ಜೊತೆಗೆ ತಮ್ಮ ಜಟ್ಟಿ, ಕಂಕುಳಲ್ಲಿ ಫೈಲು,
ಬಾಯಲ್ಲಿ ಬ್ಯಾಂಕಿನ ಸಾಲದ ಮಾತು.
ಐಗಳಕುರ್ವೆಯ ಆರು ಗುಂಟೆ ಗಜನಿ.
ಅಕ್ಕ ಹಕ್ಕು ಬಿಟ್ಟುಕೊಡಬೇಕು, ಅದಕ್ಕೆ ಪ್ರತಿಯಾಗಿ
ಒಂದು ಸೀರೆ, ಐದು ಸಾವಿರ, ಮತ್ತು ಪ್ರೀತಿ.
ಪ್ರೀತಿಗೆ ಮುದ್ರಾಂಕ ಶುಲ್ಕ ಇಲ್ಲ.

ಮೂಲಪತ್ರವನ್ನು ಗೆದ್ದಲು ಓದಿ ಮುಗಿಸಿತ್ತು.
ಹಳೆಯ ದಫ್ತರದಿಂದ ನಕಲು ತೆಗೆಸಿದೆವು,
ಎಂಟು ದಿನ, ಮೂರು ಅರ್ಜಿ,
ಫರ್ನಾಂಡಿಸನಿಗೆ ಎರಡು ಚಾ.
ಖರೀದಿದಾರಳು: ಬುದ್ದು ಕೋಂ ಪರಮ ಅಂಬಿಗ.
ತೊಂಬತ್ತು ರೂಪಾಯಿ ರೊಕ್ಕ, ರೋಖಿನಲ್ಲಿ ಸಂದಾಯ.
'ಅಜ್ಜಿ' ಎಂದಳು ಹೊನ್ನಮ್ಮ,
'ತೊಂಬತ್ತೂ ಬಳಚಿಂದು.'
ಅದು ಕಾಗದದಲ್ಲಿ ಇರಲಿಲ್ಲ.

ಕರಡು ಓದಿ ಹೇಳುವುದು ನನ್ನ ಕ್ರಮ.
ಪೂರ್ವಕ್ಕೆ ದೇವು ನಾಯ್ಕನ ಗದ್ದೆ,
ದಕ್ಷಿಣಕ್ಕೆ ದಂಡೆ, ಉತ್ತರಕ್ಕೆ ಕಾಲುದಾರಿ,
ಪಶ್ಚಿಮಕ್ಕೆ ಅಘನಾಶಿನಿ ಹೊಳೆ.
ಸದರಿ ಸ್ವತ್ತನ್ನು ನಿಧಿ, ನಿಕ್ಷೇಪ, ಜಲ,
'ನಿಲ್ಸಿ' ಎಂದಳು.

'ಜಲ ಅಂದ್ರೆ ಹೊಳೆನೂ ಸೇರ್ತದಾ?'

ಇಷ್ಟು ವರ್ಷದಲ್ಲಿ ಯಾರೂ ನಿಲ್ಲಿಸಿರಲಿಲ್ಲ ಆ ಸಾಲನ್ನು.
ನನ್ನ ಗುರು ಬರೆದದ್ದು, ಅವರ ಗುರು ಬರೆದದ್ದು,
ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು
ಎಂಟನ್ನೂ ಒಂದೇ ಉಸಿರಿಗೆ ಓದುವವನು ನಾನು.
ಕನ್ನಡಕ ತೆಗೆದೆ, ಒರೆಸಿದೆ, ಹಾಕಿದೆ.
ಹೊಳೆ ಸರ್ಕಾರದ್ದಮ್ಮ, ಎಂದೆ,
ನೀವು ಕೊಟ್ಟರೂ ಹೋಗುವುದಿಲ್ಲ.
'ಹಂಗಾರೆ ಓದಿ.'

ಒಳಗೆ ಸರ್ವರ್ ಬಂದದ್ದು ಹನ್ನೊಂದೂ ಮುಕ್ಕಾಲಿಗೆ.
ಗಾಜಿನ ಮೇಲೆ ಹೆಬ್ಬೆಟ್ಟು. ಕೆಂಪು ದೀಪ.
ಒರೆಸಿ ಇಡಿ. ಕೆಂಪು.
ಒತ್ತಿ ಇಡಿ. ಕೆಂಪು.
ಹತ್ತು ಬೆರಳಿಗೂ ಯಂತ್ರ ಇಲ್ಲವೆಂದಿತು.
ಮೂವತ್ತೈದು ವರ್ಷ ಕೆಸರಿನೊಳಗೆ ಕೈಯಾಡಿಸಿ
ಚಿಪ್ಪಿನ ಅಂಚಿಗೆ ತೇದುಹೋದ ಬೆರಳು;
ಹೊಳೆಯ ಕಲ್ಲಿನಷ್ಟು ನುಣುಪು.

ಜಟ್ಟಿ ಗಡಿಯಾರ ನೋಡಿದ. ಅವಳೂ ನೋಡಿದಳು,
ಅವಳದು ಬೇರೆ ಲೆಕ್ಕ: ಒಂದು ಗಂಟೆಗೆ ಇಳಿತ.

ಉಪನೋಂದಣಾಧಿಕಾರಿ ಒಳ್ಳೆಯ ಹುಡುಗಿ,
ಬಯಲುಸೀಮೆಯವಳು, ಬಳಚು ಕಂಡವಳಲ್ಲ.
'ಒಂದು ವಾರ ನೀರಿಗಿಳಿಯಬೇಡಿ, ಎಣ್ಣೆ ಹಚ್ಚಿ,
ಗೆರೆ ಮೂಡುತ್ತವೆ, ಬನ್ನಿ' ಎಂದಳು.

ಮೆಟ್ಟಿಲಿಳಿಯುತ್ತ ಹೊನ್ನಮ್ಮ
ತನ್ನ ಹೆಬ್ಬೆಟ್ಟನ್ನು ಬಿಸಿಲಿಗೆ ಹಿಡಿದು ನೋಡಿದಳು,
ಹೊಸದಾಗಿ ಕೊಂಡ ಸಾಮಾನಿನಂತೆ.
'ಗೆರೆ ಮೂಡಿದ್ರೆ ಕೊಡ್ಲೇಬೇಕಾತದಲ್ರಾ, ಒಡೆಯಾ?'
ನಕ್ಕಳೋ ಇಲ್ಲವೋ, ಬಸ್ಸಿನ ಹೊಗೆಯಲ್ಲಿ ತಿಳಿಯಲಿಲ್ಲ.

ಆ ಸೋಮವಾರ ಬಂತು, ಇನ್ನೊಂದೂ ಬಂತು.
ಜಟ್ಟಿ ಮೂರು ಸಲ ಬಂದ,
ಬೇರೆ ದಾರಿ ಇದೆಯೇ ಎಂದು ಕೇಳಿದ.
ಇದೆ. ಸಾಕ್ಷಿ ಬೇಕು, ಮೇಲಿನವರ ಸಹಿ ಬೇಕು.
ಎರಡು ಸಲ ಹೇಳಲಿಲ್ಲ,
ಮೂರನೆಯ ಸಲ ಹೇಳಿದೆ. ನನ್ನ ಕೆಲಸ ಅದು.
ಇನ್ನೂ ಬಂದಿಲ್ಲ ಅವರು.

ಕರಡು ನನ್ನ ಖಾನೆಯಲ್ಲಿದೆ.
ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ,
ಎಂಬಲ್ಲಿ ಒಂದು ಇರುವೆ ಸತ್ತು ಅಂಟಿದೆ.

ನಿನ್ನೆ ಮೀನುಪೇಟೆಯಲ್ಲಿ ಸಿಕ್ಕಳು.
ನೂರು ಬಳಚು ಎಣಿಸಿ ಚೀಲಕ್ಕೆ ಹಾಕಿ
ಮೇಲೊಂದು ಮುಷ್ಟಿ ಕೊಸರು ಹಾಕಿದಳು.
'ಇದು ಬರಿಬ್ಯಾಡ್ರಿ' ಎಂದಳು.
ರಾತ್ರಿ ಬುಟ್ಟಿಯಲ್ಲಿ ಅವು ಬಾಯಿ ತೆರೆದು
ಹೊಳೆಯ ನೀರು ಉಗುಳುತ್ತಿದ್ದವು,
ಅಡುಗೆಮನೆಯ ನೆಲದ ಮೇಲೆ, ಪೂರ್ವಕ್ಕೆ, ಪಶ್ಚಿಮಕ್ಕೆ.